ಕಾರಂತರ ಹತ್ತು ಮುಖಗಳನ್ನು ಒಂದೇ ಬದುಕಾಗಿ ಓದುವುದು ಹೇಗೆ?

ಹೊಸ ಓದುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಕಳೆದ ಆರು ತಿಂಗಳಿಂದ ಕೋಟ ಶಿವರಾಮ ಕಾರಂತರನ್ನು ಓದುತ್ತಿದ್ದೇನೆ. ‘ಚೋಮನ ದುಡಿ’ಯಿಂದ ತೊಡಗಿ ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’, ‘ಮೂಕಜ್ಜಿಯ ಕನಸುಗಳು’ ಇಷ್ಟನ್ನು ಮುಗಿಸಿದೆ. ಇವನ್ನೆಲ್ಲ ಬರೆದವರ ಬದುಕು ಹೇಗಿದ್ದಿರಬಹುದೆಂಬ ಕುತೂಹಲದಿಂದ ಅವರ ಆತ್ಮಕಥೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಕೈಗೆತ್ತಿಕೊಂಡೆ. ಅಲ್ಲಿಗೆ ನಾನು ಹಾಕಿಕೊಂಡಿದ್ದ ಲೆಕ್ಕವೆಲ್ಲ ತಲೆಕೆಳಗಾಯಿತು. ಕಾದಂಬರಿಕಾರರೆಂದು ನಾನು ತಿಳಿದಿದ್ದವರು ಅಲ್ಲಿ ಪತ್ರಿಕೆ ನಡೆಸುತ್ತಾರೆ, ನಾಟಕ ಆಡಿಸುತ್ತಾರೆ, ನೃತ್ಯಕ್ಕೆ ಮನಸೋಲುತ್ತಾರೆ, ಚಲನಚಿತ್ರದ ಬೆನ್ನು ಹತ್ತುತ್ತಾರೆ, ಮಕ್ಕಳ ಶಿಕ್ಷಣದಲ್ಲಿ ಪ್ರಯೋಗ ಮಾಡುತ್ತಾರೆ. ಇದರ ಮೇಲೆ ಚಿತ್ರಕಲೆಯ ಪುಸ್ತಕ, ಅರ್ಥಕೋಶ, ವಿಜ್ಞಾನದ ಸಂಪುಟಗಳು, ಪ್ರವಾಸಕಥನಗಳು, ಯಕ್ಷಗಾನದ ಸಂಶೋಧನೆ ಬೇರೆ.

ನನ್ನ ತೊಡಕು ಇಷ್ಟೇ. ಇವೆಲ್ಲ ಒಬ್ಬ ಮನುಷ್ಯನ ಬೇರೆ ಬೇರೆ ಹವ್ಯಾಸಗಳೋ, ಅಥವಾ ಎಲ್ಲದರ ಒಳಗೂ ಹರಿಯುವ ಒಂದೇ ಕಾಳಜಿಯ ಬೇರೆ ಬೇರೆ ರೂಪಗಳೋ? ನನ್ನ ಸ್ನೇಹಿತರೊಬ್ಬರು ಕಾರಂತರು ಕಾದಂಬರಿಯೊಂದನ್ನೇ ನೆಚ್ಚಿಕೊಂಡಿದ್ದರೆ ಇನ್ನೂ ದೊಡ್ಡ ಕಾದಂಬರಿಕಾರರಾಗುತ್ತಿದ್ದರು ಎನ್ನುತ್ತಾರೆ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಯಕ್ಷಗಾನದಲ್ಲಿ ಅವರು ಮಾಡಿದ ಕೆಲಸವನ್ನು ಹತ್ತಿರದಿಂದ ಬಲ್ಲವರು ಯಾರಾದರೂ ಇದ್ದರೆ ಅದರ ಬಗೆಗೂ ದಯವಿಟ್ಟು ಬರೆಯಿರಿ. ನಾನು ಬಯಲುಸೀಮೆಯವನು, ಕರಾವಳಿಯ ಆಟವನ್ನು ಒಮ್ಮೆಯೂ ಬಯಲಿನಲ್ಲಿ ಕುಳಿತು ನೋಡಿದವನಲ್ಲ.

ಹಳೆಯ ಮೇಷ್ಟ್ರು

ಪ್ರಶ್ನೆ ಕೇಳಿದವರಿಗೆ ನಮಸ್ಕಾರ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಾಗಿ ನನಗೆ ತೋಚಿದ್ದನ್ನು ಬರೆಯುತ್ತೇನೆ.

ಮೊದಲಿಗೆ, ‘ಹವ್ಯಾಸ’ ಎಂಬ ಪದವನ್ನು ಬದಿಗಿಡಬೇಕು. ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಉಡುಪಿಯ ಬಳಿಯ ಕೋಟದಲ್ಲಿ. ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ಬಿಟ್ಟ ಮೇಲೆ ಅವರಿಗೆ ಪದವಿಯೂ ಇರಲಿಲ್ಲ, ಹಿಡಿದು ಕೂರಬಹುದಾದ ಒಂದು ಉದ್ಯೋಗವೂ ಇರಲಿಲ್ಲ. ಇಂಥದ್ದು ಕಲಿಯಬೇಕು, ಇಂಥದ್ದು ನಿನ್ನ ವಿಷಯವಲ್ಲ ಎಂದು ಹೇಳುವ ಸಂಸ್ಥೆಯ ಹಂಗು ಅವರಿಗೆ ಇರಲಿಲ್ಲವೆಂಬುದನ್ನು ನಾವು ಮರೆಯುತ್ತೇವೆ. ಬೇಕೆನಿಸಿದ್ದನ್ನು ತಾವೇ ಹುಡುಕಿ, ನೋಡಿ, ಮಾಡಿ ಕಲಿತರು. ಆ ಕಲಿಕೆಗೆ ತೆತ್ತ ಬೆಲೆಯೂ ಸಣ್ಣದಲ್ಲ. ಕೈಗೆತ್ತಿಕೊಂಡ ಎಷ್ಟೋ ಕೆಲಸಗಳಲ್ಲಿ ಅವರು ಕೈಸುಟ್ಟುಕೊಂಡದ್ದು ಆತ್ಮಕಥೆಯನ್ನು ಓದಿದ ನಿಮಗೆ ಗೊತ್ತೇ ಇದೆ.

ಎರಡನೆಯದಾಗಿ, ಕಾಲಕ್ರಮವನ್ನು ಗಮನಿಸಿ. ‘ಭಾರತೀಯ ಚಿತ್ರಕಲೆ’ ಬಂದದ್ದು 1930ರಲ್ಲಿ. ದೇವಾಲಯದ ಹೆಸರಿನಲ್ಲಿ ನಡೆಯುವ ಶೋಷಣೆಯನ್ನು ಎದುರಿಗಿಟ್ಟ ‘ಗರ್ಭಗುಡಿ’ ನಾಟಕವೂ 1933ರ ‘ಚೋಮನ ದುಡಿ’ಯೂ ಅದರ ಬೆನ್ನಿಗೇ ಬಂದವು. ಮೂರು ಸಂಪುಟಗಳ ‘ಬಾಲ ಪ್ರಪಂಚ’ 1936ರದು. ಒಂದು ಕ್ಷೇತ್ರ ಬೇಸರವಾಗಿ ಇನ್ನೊಂದಕ್ಕೆ ಹಾರಿದವರ ನಡೆ ಹೀಗಿರುವುದಿಲ್ಲ. ಗದ್ದೆಯಲ್ಲಿ ಭತ್ತ, ಹಿತ್ತಲಲ್ಲಿ ತರಕಾರಿ, ಗುಡ್ಡದಲ್ಲಿ ಗೇರು ಎಂಬಂತೆ ಎಲ್ಲವೂ ಒಟ್ಟಿಗೇ ನಡೆದ ಸಾಗುವಳಿ ಇದು. ಒಂದರ ಗೊಬ್ಬರ ಇನ್ನೊಂದಕ್ಕೆ ಸಲ್ಲುತ್ತಿತ್ತು.

‘ಬಾಲ ಪ್ರಪಂಚ’ದ ಬಗ್ಗೆ ಒಂದು ಮಾತನ್ನು ಹೆಚ್ಚಾಗಿಯೇ ಹೇಳುತ್ತೇನೆ, ಏಕೆಂದರೆ ಕಾದಂಬರಿಗಳ ಚರ್ಚೆಯಲ್ಲಿ ಅದು ಯಾವಾಗಲೂ ಹಿಂದೆ ಬೀಳುತ್ತದೆ. ನಾನು ಹುಡುಗನಾಗಿದ್ದಾಗ ನಮ್ಮ ಶಾಲೆಯ ಕಪಾಟಿನಲ್ಲಿ ಅದರ ಒಂದು ಸಂಪುಟವಿತ್ತು. ರಟ್ಟು ಕಿತ್ತುಹೋಗಿ ದಾರದಲ್ಲಿ ಹೊಲಿದಿದ್ದ ಪುಸ್ತಕ. ನಕ್ಷತ್ರ, ಕಪ್ಪೆ, ಜ್ವಾಲಾಮುಖಿಗಳ ಬಗ್ಗೆ ನಮ್ಮದೇ ಭಾಷೆಯಲ್ಲಿ, ದೊಡ್ಡವರೊಬ್ಬರು ಪಕ್ಕದಲ್ಲಿ ಕುಳಿತು ಹೇಳಿದಂತೆ ಹೇಳಬಹುದೆಂದು ನನಗೆ ತಿಳಿದದ್ದು ಅಲ್ಲಿ. ಮುಂದೆ ದೊಡ್ಡವರಿಗಾಗಿ ಅವರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದರು. ಇಂದು ಅಂಥದ್ದೊಂದಕ್ಕೆ ಸಂಪಾದಕ ಮಂಡಳಿ ಬೇಕು, ಅನುದಾನ ಬೇಕು, ಹತ್ತಾರು ತಜ್ಞರು ಬೇಕು. ಕಾರಂತರು ಒಬ್ಬರೇ ಕುಳಿತು ಬರೆದರು. ಒಬ್ಬರೇ ಬರೆದ ವಿಶ್ವಕೋಶಕ್ಕೆ ಅದರದೇ ಮಿತಿಗಳಿವೆ, ವಿಜ್ಞಾನ ಮುಂದೆ ಹೋದಂತೆ ಅದು ಹಳತಾಗುತ್ತದೆ ಎಂಬುದು ನಿಜ. ಆದರೆ ಕನ್ನಡ ಗದ್ಯಕ್ಕೆ ಜಗತ್ತಿನ ಯಾವ ವಸ್ತುವನ್ನಾದರೂ ವಿವರಿಸುವ ಸ್ಥೈರ್ಯವನ್ನು ಆ ಪುಟಗಳು ಕೊಟ್ಟವು. ಅದು ಹಳತಾಗುವ ಸಂಗತಿಯಲ್ಲ.

ಈಗ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಮರಳಿ. ಯಾವುದೋ ಹಳೆಯ ವಸ್ತುವೊಂದನ್ನು ಅಜ್ಜಿ ಕೈಯಲ್ಲಿ ಹಿಡಿಯುತ್ತಾಳೆ. ಅದರ ಹಿಂದಿನ ಸಾವಿರಾರು ವರ್ಷಗಳ ಬಾಳು, ನಂಬಿಕೆ, ದೇವರುಗಳು ಅವಳ ಕಣ್ಣಮುಂದೆ ತೆರೆದುಕೊಳ್ಳುತ್ತವೆ. ಅದನ್ನು ಪವಾಡವೆಂದು ಓದುವವರಿದ್ದಾರೆ. ನನಗೆ ಅದು ಪ್ರಾಗಿತಿಹಾಸವನ್ನೂ ಮಾನವಶಾಸ್ತ್ರವನ್ನೂ ಶಿಲ್ಪಕಲೆಯನ್ನೂ ಹತ್ತಾರು ವರ್ಷ ಓದಿ, ನೋಡಿ, ತಿರುಗಾಡಿದ ಒಬ್ಬ ಮನುಷ್ಯ ತನ್ನ ಅರಿವಿಗೆ ಕಂಡುಕೊಂಡ ಕಥನರೂಪವೆಂದು ತೋರುತ್ತದೆ. ‘ಅಬುವಿಂದ ಬರಾಮಕ್ಕೆ’ಯಂಥ ಪ್ರವಾಸಕಥನದ ಕಾರಂತರು, ‘ವಿಜ್ಞಾನ ಪ್ರಪಂಚ’ದ ಕಾರಂತರು ಇಲ್ಲದೆ ಈ ಅಜ್ಜಿ ಹುಟ್ಟುತ್ತಿರಲಿಲ್ಲ. ಅವರಿಗೆ 1977ರ ಜ್ಞಾನಪೀಠ ತಂದುಕೊಟ್ಟ ಕಾದಂಬರಿ ಇದೇ ಎಂಬುದನ್ನು ನಿಮ್ಮ ಸ್ನೇಹಿತರಿಗೆ ತಿಳಿಸಿ.

ಹಿಮ್ಮೇಳ

ಮೇಷ್ಟ್ರು ಕಾದಂಬರಿಯ ಕಡೆಯಿಂದ ಹೇಳಿದ್ದಾರೆ. ನಾನು ರಂಗದ ಕಡೆಯಿಂದ ಹೇಳುತ್ತೇನೆ. ನಮ್ಮ ಮನೆಯಲ್ಲಿ ಎರಡು ತಲೆಮಾರು ಮದ್ದಳೆ ನುಡಿಸಿದವರಿದ್ದಾರೆ. ಕಾರಂತರ ಯಕ್ಷಗಾನದ ಬಗ್ಗೆ ನಮ್ಮಲ್ಲಿ ಗೌರವವೂ ಇದೆ, ಜಗಳವೂ ಇದೆ. ಎರಡನ್ನೂ ಮುಚ್ಚಿಡದೆ ಬರೆಯುತ್ತೇನೆ.

ಅವರು ಮೊದಲು ರಂಗಕ್ಕೆ ಕೈ ಹಾಕಲಿಲ್ಲ, ಓಲೆಗರಿಗಳಿಗೆ ಕೈ ಹಾಕಿದರು. ಊರೂರು ಸುತ್ತಿ, ಆಟದ ಹಾಡುಗಾರರಾದ ಭಾಗವತರ ಮನೆಗಳಲ್ಲಿ ಉಳಿದಿದ್ದ ಪ್ರಸಂಗಗಳನ್ನು, ಅಂದರೆ ಆಟಕ್ಕೆಂದು ಹಾಡುಗಳಲ್ಲಿ ಬರೆದ ಕಥೆಗಳನ್ನು, ನೋಡಿ, ಹಾಡುಗಾರಿಕೆಯಿಂದ ಮರೆಯಾಗುತ್ತಾ ಬರಿಯ ಹೆಸರಾಗಿ ಉಳಿದಿದ್ದ ರಾಗಗಳನ್ನು, ಬಣ್ಣಗಾರಿಕೆಯ ಕ್ರಮಗಳನ್ನು, ಕುಣಿತದ ಹೆಜ್ಜೆಗಳನ್ನು ದಾಖಲಿಸಿದರು. ಅದರ ಫಲವೇ ‘ಯಕ್ಷಗಾನ ಬಯಲಾಟ’. ಈ ಪುಸ್ತಕಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟು ಹೊತ್ತಿಗೆ ಹೆಸರಾಂತ ಕಾದಂಬರಿಗಳನ್ನು ಬರೆದಿದ್ದವರಿಗೆ ಅಕಾಡೆಮಿಯ ಮನ್ನಣೆ ದೊರೆತದ್ದು ಜನಪದ ರಂಗಕಲೆಯ ಕುರಿತ ಸಂಶೋಧನೆಗಾಗಿ ಎಂಬುದು, ಮೇಳದ ಕಲಾವಿದರನ್ನು ಊರಿನ ದೊಡ್ಡವರು ಹಗುರವಾಗಿ ಕಾಣುತ್ತಿದ್ದ ಕಾಲದಲ್ಲಿ, ನಮ್ಮವರ ಪಾಲಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಅನಂತರ ಅವರು ಯಕ್ಷಗಾನದ ಬಡಗಣ ಶೈಲಿಯಾದ ಬಡಗುತಿಟ್ಟಿನ ಕಲಾವಿದರನ್ನೇ ಕಟ್ಟಿಕೊಂಡು ಪ್ರಯೋಗಕ್ಕೆ ಇಳಿದರು. ರಾತ್ರಿ ಆರಂಭವಾಗಿ ಬೆಳಗಿನ ತನಕ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಹಿಮ್ಮೇಳಕ್ಕೆ ಪಿಟೀಲು ಮತ್ತು ಸ್ಯಾಕ್ಸೋಫೋನ್ ತಂದರು. ಡೇರೆ ಹಾಕಿ ಟಿಕೆಟಿಗೆ ಆಟವಾಡುವ ಮೇಳಗಳ ಥಳಕಿನ ಉಡುಪುಗಳನ್ನು ಒಪ್ಪದೆ ಹಳೆಯ ವೇಷಗಾರಿಕೆಯ ಕಡೆಗೆ ತಿರುಗಿದರು. ಎಲ್ಲಕ್ಕಿಂತ ದೊಡ್ಡ ಬದಲಾವಣೆಯೆಂದರೆ ಅರ್ಥಗಾರಿಕೆಯನ್ನೇ ತೆಗೆದುಬಿಟ್ಟದ್ದು. ಪಾತ್ರಧಾರಿ ಮಾತಾಡುವುದಿಲ್ಲ, ಭಾಗವತರು ಹಾಡುತ್ತಾರೆ, ವೇಷ ಕುಣಿದು ಅಭಿನಯಿಸುತ್ತದೆ, ಅಷ್ಟೇ. ‘ಭೀಷ್ಮ ವಿಜಯ’, ‘ನಳ ದಮಯಂತಿ’ಯಂಥ ಕಥೆಗಳನ್ನು ಹೀಗೆ ನೃತ್ಯರೂಪಕವಾಗಿ ಕಟ್ಟಿ, ತಂಡವನ್ನು ವಿದೇಶಗಳಿಗೂ ಕರೆದೊಯ್ದರು. ವಯಸ್ಸಾದ ಮೇಲೂ ತಾಲೀಮಿನಲ್ಲಿ ತಾವೇ ಹೆಜ್ಜೆ ಹಾಕಿ ತೋರಿಸುತ್ತಿದ್ದರು.

ನಮ್ಮ ಜಗಳ ಇರುವುದು ಇಲ್ಲಿ. ಕರಾವಳಿಯವರಿಗೆ ಮಾತೆಂದರೆ ಆಟದ ಅರ್ಧ ಜೀವ. ವೇಷವನ್ನೇ ಕಟ್ಟದೆ, ಹಿಮ್ಮೇಳದ ಮುಂದೆ ಕುಳಿತು ಮಾತಿನಲ್ಲೇ ಇಡೀ ಪ್ರಸಂಗವನ್ನು ಬೆಳೆಸುವ ತಾಳಮದ್ದಳೆ ಎಂಬ ಕಲೆಯೇ ನಮ್ಮಲ್ಲಿದೆ. ಬರೆದುಕೊಂಡ ಸಂಭಾಷಣೆಯಿಲ್ಲದೆ, ಎದುರಿನವರ ಮಾತಿಗೆ ಆ ಕ್ಷಣದಲ್ಲೇ ಮಾತು ಹುಟ್ಟಿಸುವ ಕೌಶಲ ಅದು. ಕರ್ಣನ ಬಾಯಲ್ಲಿ ಆ ರಾತ್ರಿ ಯಾವ ಮಾತು ಬರುತ್ತದೆಂದು ಕಾಯುವ ಪ್ರೇಕ್ಷಕನಿಗೆ ಮಾತಿಲ್ಲದ ಕರ್ಣ ಸಾಲುವುದಿಲ್ಲ. ಆದ್ದರಿಂದ ಕಾರಂತರ ರಂಗವನ್ನು ಯಕ್ಷಗಾನದ ಮುಂದಿನ ರೂಪವೆಂದು ಒಪ್ಪಲು ನನ್ನ ಹಿರಿಯರು ಸಿದ್ಧರಿರಲಿಲ್ಲ. ಮೇಳಗಳು ಇಂದಿಗೂ ಮಾತನ್ನು ಬಿಟ್ಟಿಲ್ಲ. ಆ ತೀರ್ಪು ಸರಿಯೆಂದೇ ನಾನೂ ನಂಬಿದ್ದೇನೆ.

ಆದರೆ ನಿಮ್ಮ ಪ್ರಶ್ನೆಯನ್ನು ಓದಿದ ಮೇಲೆ ಇದನ್ನು ಇನ್ನೊಂದು ಬಗೆಯಲ್ಲಿ ನೋಡಬೇಕೆನಿಸಿತು. ನಲವತ್ತೇಳು ಕಾದಂಬರಿಗಳನ್ನು ಬರೆದ, ಮಾತನ್ನೇ ಬಾಳಿನ ಕಸುಬಾಗಿಸಿಕೊಂಡ ಮನುಷ್ಯ ರಂಗಕ್ಕೆ ಬಂದಾಗ ಮೊದಲು ಕೈಬಿಟ್ಟದ್ದು ಮಾತನ್ನೇ ಅಲ್ಲವೇ? ಮಾತಿನಲ್ಲಿ ಹೇಳಬೇಕಾದದ್ದಕ್ಕೆ ಅವರಿಗೆ ಕಾದಂಬರಿಯಿತ್ತು. ರಂಗದಿಂದ ಅವರು ಬಯಸಿದ್ದು ಕಾದಂಬರಿ ಕೊಡಲಾರದ್ದನ್ನು: ರಾಗವನ್ನು, ಬಣ್ಣವನ್ನು, ದೇಹದ ಚಲನೆಯನ್ನು. ಕಾದಂಬರಿಕಾರನ ಸಾಹಿತ್ಯವನ್ನು ರಂಗಕ್ಕೆ ಹೊರಿಸಿದ್ದರೆ ಅದು ಸುಲಭದ ದಾರಿಯಾಗುತ್ತಿತ್ತು. ಅವರು ಅದನ್ನು ಮಾಡಲಿಲ್ಲ. ಒಂದೊಂದು ಮಾಧ್ಯಮವೂ ತನ್ನಿಂದ ಮಾತ್ರ ಆಗುವ ಕೆಲಸವನ್ನು ಮಾಡಲಿ ಎಂಬ ಹಟ ಅವರದು. ಆ ಹಟದಿಂದ ನಮ್ಮ ಕಲೆಗೆ ನಷ್ಟವಾದದ್ದುಂಟು, ಲಾಭವಾದದ್ದೂ ಉಂಟು. ಮಾತು ಹೋದ ಮೇಲೆ ರಾಗ ಸಡಿಲವಾದರೆ, ಹೆಜ್ಜೆ ತಪ್ಪಿದರೆ ಮರೆಮಾಚುವುದಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ಅವರ ಕೈಕೆಳಗೆ ಪಳಗಿದ ಕಲಾವಿದರ ಹಾಡಿನಲ್ಲೂ ಕುಣಿತದಲ್ಲೂ ಒಂದು ಅಚ್ಚುಕಟ್ಟು ಇತ್ತು.

ನೀವು ಕರಾವಳಿಗೆ ಬರುವುದಾದರೆ, ಒಂದು ರಾತ್ರಿ ಬಯಲಾಟವನ್ನು ಬೆಳಗಿನವರೆಗೆ ನೋಡಿ. ಇನ್ನೊಂದು ದಿನ ಉಡುಪಿಯ ಯಕ್ಷಗಾನ ಕೇಂದ್ರದ ಪ್ರದರ್ಶನವನ್ನು ನೋಡಿ. ಆಗ ನಮ್ಮ ಜಗಳ ನಿಮಗೆ ತಾನಾಗಿಯೇ ಅರ್ಥವಾಗುತ್ತದೆ.

ಚಿತ್ರಸಮಾಜ

‘ಹಿಮ್ಮೇಳ’ದವರ ಮಾತು ಬಹಳ ಹಿಡಿಸಿತು. ಅದಕ್ಕೆ ಹೊಂದಿಕೊಳ್ಳದ ಒಂದು ಉದಾಹರಣೆಯನ್ನು ಮುಂದಿಡುತ್ತೇನೆ, ಏಕೆಂದರೆ ಕಾರಂತರು ಮುಟ್ಟಿದ್ದೆಲ್ಲ ಚಿನ್ನವಾಯಿತೆಂದು ಹೇಳಿದರೆ ಅವರಿಗೇ ಅನ್ಯಾಯ ಮಾಡಿದಂತೆ.

ಕನ್ನಡದಲ್ಲಿ ವಾಕ್ಚಿತ್ರ ಇನ್ನೂ ಹುಟ್ಟಿರದ ಕಾಲದಲ್ಲಿ, 1930ರ ಆಸುಪಾಸಿನಲ್ಲಿ, ಅವರು ಮೂಕಿಚಿತ್ರಗಳ ತಯಾರಿಕೆಗೆ ಕೈ ಹಾಕಿದ್ದರು. ಅದು ಫಲಿಸಲಿಲ್ಲ. ಬಹಳ ವರ್ಷಗಳ ಬಳಿಕ, ಎಪ್ಪತ್ತು ದಾಟಿದ ಮೇಲೆ, ತಮ್ಮದೇ ‘ಕುಡಿಯರ ಕೂಸು’ ಕಾದಂಬರಿಯನ್ನು ಆಧರಿಸಿ 1978ರಲ್ಲಿ ‘ಮಲೆಯ ಮಕ್ಕಳು’ ಚಿತ್ರವನ್ನು ನಿರ್ದೇಶಿಸಿದರು. ಕಾಡಿನ ಜನರ ಬಾಳನ್ನು ಪುಸ್ತಕದಲ್ಲಿ ಅಷ್ಟು ನಿಕಟವಾಗಿ ಕಟ್ಟಿದವರ ಈ ಚಿತ್ರವನ್ನು ಇಂದು ನೆನೆಯುವವರು ಕಡಿಮೆ. ಅದೇ 1975ರ ‘ಚೋಮನ ದುಡಿ’ಯನ್ನು ನೋಡಿ: ಬಿ. ವಿ. ಕಾರಂತರ ನಿರ್ದೇಶನ, ಚೋಮನಾಗಿ ಎಂ. ವಿ. ವಾಸುದೇವರಾವ್, ರಾಷ್ಟ್ರಮಟ್ಟದ ಸ್ವರ್ಣಕಮಲ. ಶಿವರಾಮ ಕಾರಂತರ ಜಗತ್ತು ಪರದೆಯ ಮೇಲೆ ತನ್ನ ಪೂರ್ಣ ಶಕ್ತಿಯಲ್ಲಿ ಮೂಡಿದ್ದು ಇನ್ನೊಬ್ಬ ಕಾರಂತರ ಕೈಯಲ್ಲಿ.

ಕಾರಣವೇನಿರಬಹುದೆಂದು ನಾನು ಬಹಳ ಯೋಚಿಸಿದ್ದೇನೆ. ಪುಸ್ತಕವನ್ನು ಒಬ್ಬರೇ ಬರೆಯಬಹುದು. ನೃತ್ಯತಂಡವನ್ನು ಒಬ್ಬ ಗುರುವಿನಂತೆ ನಿಂತು ತಿದ್ದಬಹುದು. ಚಲನಚಿತ್ರ ಮಾತ್ರ ಛಾಯಾಗ್ರಾಹಕ, ಸಂಕಲನಕಾರ, ನಟ, ಹಣ ಹೂಡುವವರು ಎಂದು ಹಲವರ ಕೈಗಳಲ್ಲಿ ಹಂಚಿಹೋಗುವ ಕೆಲಸ. ಎಲ್ಲವನ್ನೂ ತಾವೇ ಕಲಿತು ತಾವೇ ಮಾಡುವ ಶಿವರಾಮ ಕಾರಂತರ ಸ್ವಭಾವಕ್ಕೆ ಆ ಮಾಧ್ಯಮ ಒಗ್ಗಲಿಲ್ಲವೆಂದು ನನ್ನ ಅಭಿಪ್ರಾಯ.

ಬಿ. ವಿ. ಕಾರಂತರೂ ಅದೇ ದಕ್ಷಿಣ ಕನ್ನಡದವರು, ಅವರೂ ಬಹುಮುಖರು: ಗುಬ್ಬಿ ಕಂಪನಿಯಲ್ಲಿ ಬೆಳೆದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಮುಂದೆ ಅದರ ನಿರ್ದೇಶಕರಾಗಿ, ಭೋಪಾಲದಲ್ಲಿ ರಂಗಮಂಡಲ, ಮೈಸೂರಿನಲ್ಲಿ ರಂಗಾಯಣ ಕಟ್ಟಿ, ಚಿತ್ರಗಳಿಗೆ ಸಂಗೀತ ಕೊಟ್ಟು ರಾಷ್ಟ್ರಪ್ರಶಸ್ತಿ ಪಡೆದವರು. ಆದರೆ ಅವರ ಎಲ್ಲ ದಾರಿಗಳೂ ಕೊನೆಗೆ ರಂಗಕ್ಕೇ ಬಂದು ಸೇರುತ್ತವೆ, ಮತ್ತು ಅಲ್ಲಿ ಯಾವಾಗಲೂ ಒಂದು ಗುಂಪು ಇರುತ್ತದೆ. ಶಿವರಾಮ ಕಾರಂತರ ದಾರಿಗಳು ಹಾಗೆ ಒಂದೆಡೆ ಸೇರುವುದಿಲ್ಲ. ಬಹುಮುಖ ಪ್ರತಿಭೆ ಎಂಬ ಒಂದೇ ಹೆಸರಿನಡಿ ಇಬ್ಬರನ್ನೂ ಇಟ್ಟಾಗ ಈ ವ್ಯತ್ಯಾಸ ಕಾಣದೆ ಹೋಗುತ್ತದೆ.

ಹೊಸ ಓದುಗ

ಮೂವರಿಗೂ ಮನಸಾರೆ ವಂದನೆಗಳು. ಇಷ್ಟು ವಿವರವಾದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ.

‘ಹಿಮ್ಮೇಳ’ದವರ ಮಾತನ್ನು ಓದಿದ ಮೇಲೆ ‘ಚೋಮನ ದುಡಿ’ಯ ಕೊನೆಯನ್ನು ಮತ್ತೆ ತೆರೆದೆ. ಹೇಳಿಕೊಳ್ಳಲು ಯಾರೂ ಉಳಿಯದಿದ್ದಾಗ ಚೋಮ ಬಾಗಿಲು ಮುಚ್ಚಿ ದುಡಿ ಬಾರಿಸುತ್ತಾನೆ. ಮಾತು ನಿಂತಲ್ಲಿ ವಾದ್ಯ ಆರಂಭವಾಗುವ ಆ ಪುಟವನ್ನು ಮೊದಲ ಓದಿನಲ್ಲಿ ನಾನು ಬರಿಯ ದುಃಖವಾಗಿ ಓದಿದ್ದೆ. ‘ಮರಳಿ ಮಣ್ಣಿಗೆ’ಯಲ್ಲೂ ಪಿಟೀಲಿನ ನಾದವಿದೆ, ಅದರ ಹಿಂದೆಯೇ ಕಡಲ ಮೊರೆತವಿದೆ. ಇಂಥ ಕಡೆಗಳಲ್ಲಿ ಕಾದಂಬರಿಕಾರ ತನ್ನ ಮಾಧ್ಯಮದ ಗಡಿಗೆ ಬಂದು ನಿಂತು, ಆಚೆಯ ಕಲೆಗೆ ಕಿವಿಗೊಡುತ್ತಿರುವಂತೆ ಈಗ ಕೇಳಿಸುತ್ತಿದೆ.

ಆದರೂ ನನ್ನ ಸ್ನೇಹಿತರ ಆಕ್ಷೇಪಕ್ಕೆ ಪೂರ್ತಿ ಉತ್ತರ ಸಿಕ್ಕಿಲ್ಲ. ನಲವತ್ತೇಳು ಕಾದಂಬರಿಗಳೂ ಒಂದೇ ತೂಕದವೆಂದು ಯಾರೂ ಹೇಳಲಾರರು. ಅವಸರ ಅವರ ಬರವಣಿಗೆಯನ್ನು ಕೆಡಿಸಲಿಲ್ಲವೇ?

ಹಳೆಯ ಮೇಷ್ಟ್ರು

ಕೆಡಿಸಿದ್ದುಂಟು. ಅವರ ಎಲ್ಲ ಕಾದಂಬರಿಗಳನ್ನೂ ಓದಿದ ನಾನು ಅದನ್ನು ಅಲ್ಲಗಳೆಯಲಾರೆ. ಕೆಲವು ಕೃತಿಗಳಲ್ಲಿ ಪಾತ್ರಗಳು ಲೇಖಕರ ವಾದವನ್ನು ಹೊತ್ತು ನಡೆಯುತ್ತವೆ. ಕೆಲವು ಕಡೆ ವಾಕ್ಯವನ್ನು ಎರಡನೆಯ ಬಾರಿ ನೋಡಿದಂತೆಯೇ ಇರುವುದಿಲ್ಲ. ತಿದ್ದಿ ತೀಡುತ್ತ ಕೂರುವ ಬರಹಗಾರರಲ್ಲ ಅವರು. ಆದರೆ ಆ ದೋಷಕ್ಕೆ ಯಕ್ಷಗಾನವನ್ನೋ ವಿಜ್ಞಾನವನ್ನೋ ಹೊಣೆ ಮಾಡುವುದು ತಪ್ಪು. ಕ್ಷೇತ್ರ ಒಂದೇ ಆಗಿದ್ದರೂ ಅವರು ಅದೇ ವೇಗದಲ್ಲಿ ಬರೆಯುತ್ತಿದ್ದರು. ಬಹುಶಃ ನಮಗೆ ಎಂಬತ್ತು ಕಾದಂಬರಿಗಳು ಸಿಗುತ್ತಿದ್ದವು, ಮೂಕಜ್ಜಿ ಸಿಗುತ್ತಿರಲಿಲ್ಲ.

ಹಸಿರು ಹಾದಿ

ಒಂದು ವಿಷಯ ಯಾರೂ ಎತ್ತಲಿಲ್ಲವೆಂದು ಬರೆಯುತ್ತಿದ್ದೇನೆ. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರದ ವಿರುದ್ಧ ನಿಂತು, ಎಂಬತ್ತೇಳರ ವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ಸ್ಪರ್ಧಿಸಿ ಸೋತರು. ಇದನ್ನು ಅವರ ಕಲಾಜೀವನದ ಹೊರಗಿನ ಸಂಗತಿಯೆಂದು ಬಿಡುವವರಿದ್ದಾರೆ. ‘ಬೆಟ್ಟದ ಜೀವ’ದ ಗೋಪಾಲಯ್ಯನವರು ಘಟ್ಟದ ಕಾಡಿನ ನಡುವೆ ತೋಟ ಎಬ್ಬಿಸಿದ ಪರಿಯನ್ನು ಓದಿ, ಆಮೇಲೆ ಅಣುಸ್ಥಾವರದ ವಿರುದ್ಧ ಅವರು ನಡೆಸಿದ ಹೋರಾಟವನ್ನು ನೆನೆದರೆ, ಘಟ್ಟದ ಒಂದೊಂದು ಹಳ್ಳವನ್ನೂ ಕಾಲ್ನಡಿಗೆಯಲ್ಲಿ ಬಲ್ಲ ಅದೇ ಮನುಷ್ಯ ಎರಡೂ ಕಡೆ ಕಾಣುತ್ತಾರೆ. ತೊಂಬತ್ತು ದಾಟಿದ ಮೇಲೂ ಅವರು ಹಕ್ಕಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಅವರು ತೀರಿಕೊಂಡದ್ದು 1997ರ ಡಿಸೆಂಬರ್ 9ರಂದು.

ಹೊಸ ಓದುಗ

ಮುಂದೆ ಏನು ಓದಬೇಕೆಂದು ಈಗ ಸ್ಪಷ್ಟವಾಯಿತು. ‘ಯಕ್ಷಗಾನ ಬಯಲಾಟ’ವನ್ನು ಗ್ರಂಥಾಲಯದಿಂದ ತಂದಿದ್ದೇನೆ, ಅದರ ಜೊತೆಗೇ ‘ಮರಳಿ ಮಣ್ಣಿಗೆ’ಯನ್ನು ಇನ್ನೊಮ್ಮೆ ಓದುತ್ತೇನೆ. ‘ಹಿಮ್ಮೇಳ’ದವರೇ, ಮಳೆಗಾಲ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ನಾನು ನಿಮ್ಮ ಕಡೆಗೆ ಬರಬೇಕೆಂದಿದ್ದೇನೆ. ಮೊದಲ ಸಲ ಆಟ ನೋಡುವವನಿಗೆ ಯಾವ ಪ್ರಸಂಗ ಒಳ್ಳೆಯದು?

ಹಿಮ್ಮೇಳ

ಖಂಡಿತ ಬನ್ನಿ. ದೀಪಾವಳಿಯ ಅನಂತರ ಬಂದರೆ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ. ಕರ್ಣನ ಕಥೆಯ ಪ್ರಸಂಗ ಎಲ್ಲಾದರೂ ಇದ್ದರೆ ಅದನ್ನೇ ನೋಡಿ. ಭಾಗವತರ ಪದ ಮುಗಿದು ಕರ್ಣ ಬಾಯಿ ತೆರೆಯುವ ಮುನ್ನ ಇಡೀ ಬಯಲು ಒಂದು ಕ್ಷಣ ಸ್ತಬ್ಧವಾಗುವುದನ್ನು ಗಮನಿಸಿ. ಚೆಂಡೆಯ ಸದ್ದು ಕಿವಿಗೆ ಒಗ್ಗುವ ತನಕ ರಂಗಸ್ಥಳದಿಂದ ಸ್ವಲ್ಪ ದೂರದಲ್ಲೇ ಕುಳಿತುಕೊಳ್ಳಿ.